ಹೆಸರು ಭಾರವಾದ ಮಗು

ಮಗುವಿಗೆ ಹೆಸರು ಭಾರವಾಗಿದೆ ಎಂದು ಅಜ್ಜಿ ಪೈಕೆಮ್ ಬಹಳ ದಿನದಿಂದ ಹೇಳುತ್ತಲೇ ಬಂದಿದ್ದಳು. ಜಗದ್ ರಾಜಸಾ ಎಂದು ಹೆಸರಿಟ್ಟವನು ಅವಳ ಮಗ ಸುಬೆಕ್ತಿಯೇ. ಮೊದಲನೆಯದು ಗಂಡು ಎಂಬ ಖುಷಿಯಲ್ಲಿ ಜಗತ್ತನ್ನೂ ಅರಸೊತ್ತಿಗೆಯನ್ನೂ ಒಟ್ಟಿಗೆ ತಂದು ತೊಟ್ಟಿಲಿಗೆ ಸುರಿದಿದ್ದ. ಹುಡುಗ ನಡೆಯಲು ಕಲಿಯುವ ಮೊದಲೇ ಕೆಮ್ಮಲು ಕಲಿತ. ಶಾಲೆಗೆ ಸೇರಿದ ವರ್ಷ ಶಾಲೆಯ ಬೆಂಚಿಗಿಂತ ಆಸ್ಪತ್ರೆಯ ಮಂಚವೇ ಅವನಿಗೆ ಹೆಚ್ಚು ಪರಿಚಯವಾಯಿತು. ಈಗ ಟೈಫಾಯ್ಡ್.

"ಹುರುಳಿಕಾಯಿ ತೊಟ್ಟಿನಂಥ ಕುತ್ತಿಗೆ. ಅದರ ಮೇಲೆ ಇಡೀ ಜಗತ್ತು ಹೊರಿಸಿದೀರ. ಬಗ್ಗದೆ ಇನ್ನೇನು ಮಾಡುತ್ತೆ ಅದು?" ಎನ್ನುತ್ತಿದ್ದಳು ಅಜ್ಜಿ.

ಸೊಸೆ ವಿನಾರ್ತಿ ಇದಕ್ಕೆ ಹೂಂ ಎಂದೂ ಅನ್ನುತ್ತಿರಲಿಲ್ಲ, ಊಹೂಂ ಎಂದೂ ಅನ್ನುತ್ತಿರಲಿಲ್ಲ. ಅವಳ ತವರಿನ ಕಡೆಯೂ ಹೀಗೇ. ಮೇಲಿಂದ ಮೇಲೆ ಕಾಯಿಲೆ ಬೀಳುವ ಮಗುವಿಗೆ ಹಗುರವಾದ ಒಂದು ಹೆಸರಿಟ್ಟು, ಹಳೆಯದನ್ನು ಯಾರೂ ಬಾಯಿಗೆ ತರದ ಹಾಗೆ ನೋಡಿಕೊಳ್ಳುತ್ತಿದ್ದರು. ಹಾಗೆ ಮಾಡಿದ ಮೇಲೆ ಮೈಕೈ ತುಂಬಿಕೊಂಡ ಮಕ್ಕಳನ್ನು ಅವಳು ನೋಡಿದ್ದಳು. ಮಾಡಿದ ಮೇಲೂ ಉಳಿಯದವರನ್ನೂ ನೋಡಿದ್ದಳು. ಜ್ವರದಲ್ಲಿ ಬೇಯುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಮೊದಲಿನವರೇ ಹೆಚ್ಚು ನೆನಪಾಗುತ್ತಾರೆ.

ಆ ಬೆಳಿಗ್ಗೆ ಅಜ್ಜಿ ಮೊದಲ ಬಸ್ಸಿಗೇ ಬಂದಳು. ಕೈಯಲ್ಲಿ ಬಟ್ಟೆಯಿಂದ ಬಿಗಿದು ಕಟ್ಟಿದ ಎರಡು ಪಾತ್ರೆ. ಒಂದರಲ್ಲಿ ಬೆಲ್ಲ ಹಾಕಿದ ಕೆಂಪು ಗಂಜಿ, ಇನ್ನೊಂದರಲ್ಲಿ ತೆಂಗಿನಹಾಲಿನ ಬಿಳಿ ಗಂಜಿ. ಮಗುವಿಗೆ ಹೊಸ ಹೆಸರಿಡುವಾಗ ಹಂಚುವ ಗಂಜಿ ಅದು; ವಿನಾರ್ತಿಗೆ ನೋಡಿದ ಕೂಡಲೇ ವಿಷಯ ತಿಳಿಯಿತು.

"ಅಮ್ಮ, ಅವರನ್ನ ಒಂದು ಮಾತು ಕೇಳಬೇಕಿತ್ತು."

"ಅವನು ಲಾರಿ ಹತ್ತಿಕೊಂಡು ಸುರಬಾಯಾ ಕಡೆ ಹೋಗಿದಾನೆ. ರೋಗ ಅವನು ಬರಲಿ ಅಂತ ಬಾಗಿಲಲ್ಲಿ ಕಾಯುತ್ತಾ, ನದುಕ್?"

ಸೊಸೆಯನ್ನು ನದುಕ್, ಅಂದರೆ ಮಗಳೇ, ಎಂದು ಕರೆದಳೆಂದರೆ ಅಜ್ಜಿ ಪ್ರೀತಿಯಿಂದಲೇ ಮಾತಾಡುತ್ತಿದ್ದಾಳೆ, ಆದರೆ ಮಾತು ಮುಗಿದಿದೆ ಎಂದು ಅರ್ಥ.

ಮಕ್ಕಳ ವಾರ್ಡಿನ ಉಳಿದ ತಾಯಂದಿರು ಸುತ್ತ ಬಂದು ನಿಂತರು. ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ನರ್ಸಮ್ಮನೂ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಳು. ಅಜ್ಜಿ ಬಿಸ್ಮಿಲ್ಲಾ ಎಂದು ಹುಡುಗನ ನೆತ್ತಿಗೆ ಮೂರು ಸಲ ಊದಿದಳು. ಕಿವಿಯಲ್ಲಿ ಹೊಸ ಹೆಸರು ಹೇಳಿದಳು. ವಾಲುಯೋ. ಗುಣವಾದವನು ಎಂದು ಅದರ ಅರ್ಥ. ನಂತರ ಬಾಳೆಎಲೆಯ ತುಂಡುಗಳಲ್ಲಿ ಎಲ್ಲರಿಗೂ ಗಂಜಿ ಕೊಟ್ಟು, "ಇವತ್ತಿಂದ ಇವನು ವಾಲುಯೋ. ಹಳೇದನ್ನ ಯಾರೂ ಕರೀಬೇಡಿ ಮತ್ತೆ. ಕರೆದರೆ ಬಿಟ್ಟುಹೋದ ಪೀಡೆ ದಾರಿ ತಿಳ್ಕೊಂಡು ವಾಪಸ್ ಬರುತ್ತೆ," ಎಂದಳು.

"ನನ್ನ ಗಂಡನಿಗೂ ಒಂದು ಹೆಸರು ಹುಡುಕಿ ಅಜ್ಜಿ," ಎಂದಳು ಕಿಟಕಿ ಪಕ್ಕದ ಮಂಚದ ತಾಯಿ. "ಈಗಿರೋ ಹೆಸರಲ್ಲಿ ಕೆಲಸಕ್ಕೆ ಹೋಗೋ ಯೋಗ ಇದ್ದಂಗಿಲ್ಲ."

ಎಲ್ಲರೂ ನಕ್ಕರು. ಹುಡುಗನಿಗೆ ಎಲ್ಲರಿಗಿಂತ ಹೆಚ್ಚು ಖುಷಿ. ಬೆರಳ ತುದಿಯಷ್ಟು ಕೆಂಪು ಗಂಜಿ ನೆಕ್ಕಿ, ದಿಂಬಿಗೊರಗಿ ಕೂತು, ಅಜ್ಜಿ "ನೀನ್ಯಾರು?" ಎಂದಾಗಲೆಲ್ಲ ಶಾಲೆಯಲ್ಲಿ ಹಾಜರಿ ಹೇಳುವಂತೆ ಕೈಯೆತ್ತಿ "ವಾಲುಯೋ" ಎನ್ನುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಆಟ ಕಂಡಿತ್ತು. ಅದನ್ನು ನೋಡಿ ವಿನಾರ್ತಿಯ ಮನಸ್ಸೂ ಸ್ವಲ್ಪ ಸಡಿಲವಾಯಿತು.

ಉಳಿದದ್ದು ಕೈಯ ಪಟ್ಟಿ. ಆಸ್ಪತ್ರೆಯವರು ಮಣಿಕಟ್ಟಿಗೆ ಹಾಕಿದ ಆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಳೆಯ ಹೆಸರೇ ಇತ್ತು. ಕತ್ತರಿಸಿ ಬಿಸಾಕು ಎಂದಳು ಅಜ್ಜಿ. "ಕತ್ತರಿಸಿದರೆ ಬೈತಾರಮ್ಮ," ಎಂದು ವಿನಾರ್ತಿ ಒಪ್ಪಲಿಲ್ಲ. ಕೊನೆಗೆ ಇಬ್ಬರ ಮಾತೂ ಉಳಿಯಲೆಂದು ಅಜ್ಜಿ ತಂದಿದ್ದ ಬಿಳಿ ನೂಲನ್ನು ವಿನಾರ್ತಿಯೇ ಪಟ್ಟಿಯ ಮೇಲೆ ಒತ್ತೊತ್ತಾಗಿ ಸುತ್ತಿದಳು. ಅಕ್ಷರ ಮುಚ್ಚಿಹೋಯಿತು. ಬಳೆ ತೊಟ್ಟಂತಾಯಿತು ಎಂದು ಹುಡುಗ ನಾಚಿದ.

ಬಿಸಿಲೇರಿದ ಮೇಲೆ ಬಾಗಿಲ ಬಳಿಯ ಖಾಲಿ ಮಂಚಕ್ಕೆ ಹೊಸಬರು ಬಂದರು. ಹುಡುಗ ಇವನಿಗಿಂತ ಒಂದೆರಡು ವರ್ಷ ದೊಡ್ಡವನು. ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆಯಂತೆ. ಅವನ ತಾಯಿ ಮುರ್ನಿ ಎಂಬಾಕೆ ಅವನನ್ನು ಯೋಯೋ ಎಂದು ಕರೆಯುತ್ತಿದ್ದಳು. ಅವನ ಪೂರ್ತಿ ಹೆಸರೇನು ಎಂದು ವಾರ್ಡಿನಲ್ಲಿ ಯಾರೂ ಕೇಳಲಿಲ್ಲ. ಕರೆಯುವ ಹೆಸರು ಗೊತ್ತಿದ್ದ ಮೇಲೆ ಇನ್ನೊಂದನ್ನು ಯಾರು ಕೇಳುತ್ತಾರೆ? ಗಂಜಿಯೂ ಅಷ್ಟು ಹೊತ್ತಿಗೆ ಮುಗಿದಿತ್ತು.

ಊಟದ ಗಾಡಿ ಬರುವುದಕ್ಕೆ ಸ್ವಲ್ಪ ಮುಂಚೆ ನರ್ಸೊಬ್ಬಳು ಔಷಧದ ತಟ್ಟೆ ಹಿಡಿದು ಬಂದಳು. ಇಂತಾನ್ ಎಂದು ಎದೆಯ ಮೇಲೆ ಹೆಸರು. ದಿನಾ ಬರುವವಳು ತಂಗಿಯ ಮದುವೆಗೆ ಹೋಗಿದ್ದರಿಂದ ಹೆರಿಗೆ ವಾರ್ಡಿನಿಂದ ಇವಳನ್ನು ಕಳಿಸಿದ್ದರು. ಮಕ್ಕಳ ಮುಖ ಇವಳಿಗೆ ಗೊತ್ತಿಲ್ಲ. ಮಂಚಗಳ ನಡುವೆ ನಿಂತು, "ವಾಲುಯೋ ಯಾರು?" ಎಂದಳು.

"ನಾನು," ಎಂದು ಹುಡುಗ ಕೈಯೆತ್ತಿದ.

"ಇವನೇ ಸಿಸ್ಟರ್," ಎಂದಳು ವಿನಾರ್ತಿ.

ಮುರ್ನಿ ಆಗ ಬಾಗಿಲಾಚೆ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ಅವಳ ಮಗ ಗೋಡೆಯ ಕಡೆ ತಿರುಗಿ ಮಲಗಿದ್ದ.

ಅಜ್ಜಿಯ ಮುಖ ಅರಳಿತು. "ನೋಡಿದೆಯಾ ನದುಕ್? ಬೆಳಿಗ್ಗೆ ಇಟ್ಟ ಹೆಸರು, ಆಗಲೇ ಆಸ್ಪತ್ರೆಯೊಳಗೆಲ್ಲ ಓಡಾಡ್ತಿದೆ. ಹೆಸರು ಹಿಡೀತು."

ಗಂಜಿ ತಿಂದು ಹೋದ ರಾತ್ರಿಯ ನರ್ಸಮ್ಮ ಹೇಳಿ ಹೋಗಿರಬೇಕು ಎಂದುಕೊಂಡಳು ವಿನಾರ್ತಿ. ಇಷ್ಟು ದೊಡ್ಡ ಆಸ್ಪತ್ರೆ ತಮ್ಮ ಮಗುವಿನ ಹೆಸರಿಗೆ ಮರ್ಯಾದೆ ಕೊಟ್ಟಿತಲ್ಲ ಎಂದು ಅವಳಿಗೂ ಒಳಗೊಳಗೇ ಹಿತವಾಯಿತು. ಆದರೆ ನರ್ಸು ಹುಡುಗನ ತೋಳಿನ ಮೇಲ್ಭಾಗವನ್ನು ಹತ್ತಿಯಿಂದ ಒರೆಸಿ ಸಣ್ಣ ಸೂಜಿ ಎತ್ತಿದಾಗ ಅವಳಿಗೆ ಏನೋ ಬೇರೆ ಎನ್ನಿಸಿತು.

"ತೋಳಿಗಾ ಸಿಸ್ಟರ್? ದಿನಾ ಈ ಕೈಯಲ್ಲಿರೋ ಸೂಜಿಯೊಳಗೇ ಬಿಡ್ತಿದ್ರು."

"ಇದು ತೋಳಿಗೇ ಬು," ಎಂದಳು ನರ್ಸು, ಅಮ್ಮ ಎಂದು ಕರೆಯುವ ಮರ್ಯಾದೆಯಲ್ಲಿ. " ಊಟಕ್ಕೆ ಮುಂಚೆ ಹಾಕೋದು. ಹಾಕಿದ ಮೇಲೆ ಊಟ ಕೊಟ್ಟುಬಿಡಿ."

ಇನ್ನೊಂದು ಪ್ರಶ್ನೆ ವಿನಾರ್ತಿಯ ಬಾಯಿತನಕ ಬಂತು. ಯಾವ ಔಷಧ ಎಂದು ಕೇಳಬೇಕಿತ್ತು. ಆದರೆ ಹೊಸ ನರ್ಸು, ಮೂರು ಮಂಚದಾಚೆ ಯಾವುದೋ ಮಗು ಅಳುತ್ತಿದೆ, ಅವಳ ಹಣೆ ಬೆವತಿದೆ. ಕೆಲಸದಲ್ಲಿರುವವರನ್ನು ಮತ್ತೆ ಮತ್ತೆ ಕೇಳಿ ತೊಂದರೆ ಕೊಡಬಾರದು ಎಂದು ಬೆಳೆದವಳು ಅವಳು. ಮಗನ ತೋಳನ್ನು ತಾನೇ ಹಿಡಿದುಕೊಂಡಳು. ಅವನು ಅಳಲಿಲ್ಲ.

ಊಟ ಬಂತು. ಮೆತ್ತಗಿನ ಅನ್ನ, ತಿಳಿಸಾರು, ಸೋಯಾಕಾಳಿನ ಒಂದು ತುಂಡು ಟೆಂಪೆ. ಹುಡುಗ ಒಂದು ಚಮಚ ಬಾಯಿಗಿಟ್ಟು ಮುಖ ತಿರುಗಿಸಿದ. ಸುಸ್ತು ಎಂದ. ಮಲಗಿದ. ಸ್ವಲ್ಪ ಹೊತ್ತಿಗೆ ಅಜ್ಜಿ ಅವನ ಹಣೆ ಮುಟ್ಟಿ, ಕಣ್ಣು ಮುಚ್ಚಿ ದೇವರನ್ನು ನೆನೆದಳು.

"ತಣ್ಣಗಾಗಿದೆ ಕಣೆ. ಮುಟ್ಟಿ ನೋಡು. ಬೆವರು ಬಿಟ್ಟಿದೆ. ಎಷ್ಟು ದಿನದ ಜ್ವರ, ಒಂದು ಹೊತ್ತಿಗೆ ಇಳೀತು."

ವಿನಾರ್ತಿ ಮುಟ್ಟಿದಳು. ಹೌದು, ತಣ್ಣಗಿತ್ತು. ಕುತ್ತಿಗೆಯ ಸುತ್ತ ಬೆವರು. ಅವಳ ಕಣ್ಣಲ್ಲಿ ನೀರು ಬಂತು. "ಮಲಗಲಿ ಬಿಡು, ಊಟಕ್ಕೆ ಎಬ್ಬಿಸಬೇಡ," ಎಂದು ಅಜ್ಜಿ ಅವನ ತಟ್ಟೆಯ ಟೆಂಪೆಯನ್ನು ಸೊಸೆಯ ಕಡೆ ಸರಿಸಿದಳು. "ನೀನು ತಿನ್ನು. ನೀನೂ ಬಿದ್ದರೆ ಇಬ್ಬರನ್ನ ಹೊರೋಕೆ ನನ್ನ ಸೊಂಟ ಇಲ್ಲ."

ವಿನಾರ್ತಿ ತುತ್ತು ಬಾಯಿಗಿಟ್ಟಳು. ಮತ್ತೆ ಮಗನ ಬೆನ್ನಿನ ಕೆಳಗೆ ಕೈ ಹಾಕಿದಳು. ಈ ಮಗುವಿನ ಜ್ವರ ಬಿಡುವುದನ್ನು ಅವಳು ಎಷ್ಟು ಸಲ ಕಂಡಿರಲಿಲ್ಲ? ಜ್ವರ ಬಿಟ್ಟ ಬೆವರು ಬೆಚ್ಚಗಿರುತ್ತದೆ. ಅದು ಬಂದ ಮೇಲೆ ಮಗು ಕಾಲು ಚಾಚಿ, ಬಾಯಿ ತೆರೆದು, ನೆಮ್ಮದಿಯಾಗಿ ನಿದ್ದೆ ಹೋಗುತ್ತದೆ. ಇದು ಹಾಗಿರಲಿಲ್ಲ. ಬೆನ್ನು ಕೆರೆಯಿಂದ ಎತ್ತಿದ ಕಲ್ಲಿನ ಹಾಗಿತ್ತು. ತುಟಿಯ ಬಣ್ಣ ಹೋಗಿತ್ತು. ಬೆರಳುಗಳು ತಮ್ಮಷ್ಟಕ್ಕೆ ಕಂಪಿಸುತ್ತಿದ್ದವು.

"ಮರಿ," ಎಂದು ಕರೆದಳು. ಕೆನ್ನೆ ತಟ್ಟಿದಳು. ಅವನು ಕಣ್ಣು ಅರ್ಧ ತೆರೆದ. ಆ ಕಣ್ಣು ಅವಳ ಮೇಲೆ ಬಿತ್ತು, ಆದರೆ ಅವಳನ್ನು ನೋಡಲಿಲ್ಲ.

"ಅಮ್ಮ, ಇದು ನಿದ್ದೆಯಲ್ಲ."

"ರೋಗ ಬಿಟ್ಟು ಹೋಗೋವಾಗ ಹಾಗೇ ಇರುತ್ತೆ, ಅವಸರ ಮಾಡಬೇಡ," ಎಂದಳು ಅಜ್ಜಿ. ಆದರೆ ಅವಳ ಕೈಯೂ ಈಗ ಮಗುವಿನ ಪಾದವನ್ನು ಗಟ್ಟಿಯಾಗಿ ಉಜ್ಜುತ್ತಿತ್ತು.

ಆಗಲೇ ಬಾಗಿಲ ಬಳಿಯಿಂದ ಮುರ್ನಿಯ ಮಾತು ಕೇಳಿಸಿತು. ಖಾಲಿ ತಟ್ಟೆಗಳನ್ನು ಎತ್ತಲು ಬಂದ ಇಂತಾನಳನ್ನು ಅವಳು ಮೆಲ್ಲಗೆ ಕೇಳುತ್ತಿದ್ದಳು. "ಸಿಸ್ಟರ್, ತಪ್ಪು ತಿಳ್ಕೋಬೇಡಿ. ಊಟಕ್ಕೆ ಮುಂಚೆ ಇವನಿಗೆ ಇಂಜೆಕ್ಷನ್ ಅಂದಿದ್ರು ಡಾಕ್ಟರು. ಅದಕ್ಕೇ ಊಟ ಕೊಡದೆ ಕಾಯ್ತಾ ಇದೀನಿ. ಹಸಿವು ಅಂತ ಒಂದೇ ಸಮ ಗೋಳಾಡ್ತಿದಾನೆ."

"ಹಾಕಿ ಆಯ್ತಲ್ಲ ಬು."

"ಯಾವಾಗ? ನಾನು ಇಲ್ಲೇ ಇದೀನಿ. ಇವನನ್ನ ಯಾರೂ ಮುಟ್ಟಿಲ್ಲ."

"ವಾಲುಯೋಗೆ ತಾನೇ? ನಾನೇ ಹಾಕಿದೆ."

"ಇವನೇ ವಾಲುಯೋ," ಎಂದಳು ಮುರ್ನಿ.

ಇಂತಾನ್ ನಿಧಾನವಾಗಿ ತಿರುಗಿ ಈಚೆ ನೋಡಿದಳು. ವಿನಾರ್ತಿಯೂ ಅವಳನ್ನೇ ನೋಡುತ್ತಿದ್ದಳು. ಆ ಹುಡುಗಿಯ ಮುಖ ಸುಣ್ಣದಂತಾಯಿತು.

ವಿನಾರ್ತಿಗೆ ಔಷಧದ ಹೆಸರು ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರ ಔಷಧ ಸಕ್ಕರೆಯನ್ನು ಇಳಿಸುತ್ತದೆ ಎಂಬಷ್ಟು ಗೊತ್ತಿತ್ತು. ತನ್ನ ಮಗನ ಮೈಯಲ್ಲಿ ಇಳಿಸಲು ಏನಿದೆ? ಒಂದು ಚಮಚ ಅನ್ನ. ಮಗನನ್ನು ಎದೆಗೆ ಎತ್ತಿಕೊಂಡು ಅವಳು ವಾರ್ಡಿನ ನಡುವೆ ಓಡಿದಳು. ಆಚೆಯ ತುದಿಯಲ್ಲಿ ಡಾಕ್ಟರಮ್ಮ ಒಂದು ಮಗುವಿನ ಹೊಟ್ಟೆ ಒತ್ತಿ ನೋಡುತ್ತಿದ್ದರು.

"ಡಾಕ್ಟರ್, ಇವನು ವಾಲುಯೋ ಅಲ್ಲ."

ಅಜ್ಜಿ ಹಿಂದೆಯೇ ಬಂದು ಅವಳ ರಟ್ಟೆ ಹಿಡಿದಳು. "ಹೇಳಬೇಡ ನದುಕ್. ಅದೊಂದು ಮಾತ್ರ ಹೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಈಗ ಕರೆದರೆ ತಗೊಂಡೇ ಹೋಗುತ್ತೆ."

"ಏನು ಹೇಳ್ತಿದೀರಿ? ಯಾರಿವನು?" ಎಂದರು ಡಾಕ್ಟರಮ್ಮ.

ಅಜ್ಜಿಯ ಒಣಗಿದ ಅಂಗೈ ಆಗ ವಿನಾರ್ತಿಯ ಬಾಯಿಯ ಮೇಲಿತ್ತು. ಅದರಲ್ಲಿ ಬೆಳಗಿನ ಬೆಲ್ಲದ ವಾಸನೆ. ಒಂದು ಕ್ಷಣ ವಿನಾರ್ತಿ ನಿಜವಾಗಿಯೂ ಹೆದರಿದಳು. ಅಜ್ಜಿ ಹೇಳಿದ್ದು ನಿಜವಾಗಿದ್ದರೆ? ತನ್ನ ಬಾಯಿಂದ ಆ ಹೆಸರು ಹೊರಟದ್ದಕ್ಕೇ ಮಗು ಹೋದರೆ? ತಲೆ ಕೊಡವಿ ಆ ಕೈಯನ್ನು ಬಿಡಿಸಿಕೊಂಡಳು.

"ಜಗದ್ ರಾಜಸಾ," ಎಂದಳು. ದನಿ ಇಡೀ ವಾರ್ಡಿಗೆ ಕೇಳಿಸಿತು. "ಇವನು ಜಗದ್ ರಾಜಸಾ. ಟೈಫಾಯ್ಡ್ ಹುಡುಗ. ಹೆಸರು ಬದಲಾಯಿಸಿದ್ವಿ ಬೆಳಿಗ್ಗೆ. ಆ ಸಕ್ಕರೆ ಕಾಯಿಲೆ ಹುಡುಗನ ಇಂಜೆಕ್ಷನ್ ಇವನಿಗೆ ಹಾಕಿದಾರೆ."

ಅಷ್ಟು ಹೇಳುವುದಕ್ಕೂ ಮಗುವಿನ ಮೈ ಅವಳ ತೋಳಿನಲ್ಲಿ ಸೆಟೆದುಕೊಳ್ಳುವುದಕ್ಕೂ ಸರಿಹೋಯಿತು. ಅಜ್ಜಿ ನೆಲದ ಮೇಲೆ ಕುಸಿದಳು. "ಬಂತು. ಕರೆದೆಯಲ್ಲ, ಬಂತು," ಎಂದಳು.

ಆಮೇಲೆ ನಡೆದದ್ದು ವಿನಾರ್ತಿಗೆ ತುಂಡುತುಂಡಾಗಿ ನೆನಪಿದೆ. ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡದ್ದು. ಬೆರಳು ಚುಚ್ಚಿ ರಕ್ತ ನೋಡಿದ ಡಾಕ್ಟರಮ್ಮ "ಸಕ್ಕರೆ ನೀರು, ಬೇಗ" ಎಂದು ಕೂಗಿದ್ದು. ಅದನ್ನು ತರಲು ಎಲ್ಲರಿಗಿಂತ ಮೊದಲು ಓಡಿದವಳು ಇಂತಾನ್. ಕೈಯ ಸೂಜಿಯೊಳಗೆ ಆ ನೀರನ್ನು ದೂಡಿದವರು ಡಾಕ್ಟರಮ್ಮ. ಮುರ್ನಿ ಬಾಗಿಲ ಬಳಿ ತನ್ನ ಮಗನ ತಲೆಯನ್ನು ತಲೆವಸ್ತ್ರದ ತುದಿಯಲ್ಲಿ ಮುಚ್ಚಿಕೊಂಡು, ತನ್ನದೇ ತಪ್ಪೆಂಬಂತೆ ಗೋಡೆಗೆ ಒತ್ತಿ ನಿಂತಿದ್ದಳು.

ಸೆಟೆತ ನಿಂತಿತು. ಬೆವರು ಆರಿತು. ತುಟಿಗೆ ಬಣ್ಣ ಬಂತು. ಕಣ್ಣೂ ತೆರೆದ.

"ನಿನ್ನ ಹೆಸರೇನು ಮರಿ?" ಎಂದು ಡಾಕ್ಟರಮ್ಮ ಬಾಗಿ ಕೇಳಿದರು.

ಹುಡುಗ ಉತ್ತರಿಸಲಿಲ್ಲ. ಮತ್ತೆ ಕೇಳಿದರು. ಅಮ್ಮ ಯಾರು ತೋರಿಸು ಎಂದರು. ಅವನು ಮಾಡಿನ ಫ್ಯಾನು ನೋಡುತ್ತ ಮಲಗಿದ್ದ.

"ಸಕ್ಕರೆ ಸರಿಯಾಗಿದೆ," ಎಂದರು ಡಾಕ್ಟರಮ್ಮ ವಿನಾರ್ತಿಯನ್ನು ಪಕ್ಕಕ್ಕೆ ಕರೆದು. "ಆದರೆ ಎಷ್ಟು ಹೊತ್ತು ಕಡಿಮೆ ಇತ್ತು ಅಂತ ನಮಗೆ ಗೊತ್ತಿಲ್ಲ. ಮಿದುಳಿಗೆ ಪೆಟ್ಟಾಗಿದೆಯೋ ಇಲ್ಲವೋ, ಅವನು ಮಾತಾಡೋತನಕ ಹೇಳೋಕೆ ಬರಲ್ಲ. ಸುಳ್ಳು ಹೇಳಲ್ಲ ಬು. ಕಾಯಬೇಕು."

ಎಷ್ಟು ಹೊತ್ತು ಎಂಬುದು ವಿನಾರ್ತಿಗೆ ಗೊತ್ತಿತ್ತು. ತಣ್ಣಗಾಯಿತು ಎಂದು ತಾನು ಸಂತೋಷಪಟ್ಟಷ್ಟು ಹೊತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸುಬೆಕ್ತಿ ಬಂದ. ದಾರಿಯಲ್ಲೇ ಫೋನಿನಲ್ಲಿ ವಿಷಯ ತಿಳಿದು, ಲಾರಿಯನ್ನು ಜೊತೆಗಾರನಿಗೆ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ ಬಂದಿದ್ದ. ಮಗನ ಹತ್ತಿರ ಹೋಗಿ "ಜಗದ್" ಎಂದ. ಅಜ್ಜಿ ಮೂಲೆಯಿಂದ "ವಾಲುಯೋ" ಎಂದಳು. ಹುಡುಗ ಯಾವುದಕ್ಕೂ ತಿರುಗಲಿಲ್ಲ.

ಅದೇ ಹೊತ್ತಿಗೆ ಆಸ್ಪತ್ರೆಯ ಆಡಳಿತದವರೊಬ್ಬರು ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಹಿಡಿದು ಬಂದರು. ಹಿಂದೆ ಇಂತಾನ್, ಅತ್ತು ಅತ್ತು ಮುಖ ಊದಿಕೊಂಡಿತ್ತು.

"ನಡೆಯಬಾರದ್ದು ನಡೆದುಹೋಯ್ತು ಪಾಕ್," ಎಂದರು ಅವರು ಸುಬೆಕ್ತಿಯ ಕಡೆ ತಿರುಗಿ, ಹಿರಿಯರನ್ನು ಮಾತಾಡಿಸುವಷ್ಟು ನಯವಾಗಿ. "ಒಂದೇ ಮನೆಯವರ ಹಾಗೆ ಕೂತು ಮಾತಾಡಿ ಮುಗಿಸಿಕೊಳ್ಳೋಣ."

"ನಮ್ಮ ಮನೆಯವರು ಯಾರೂ ಯಾರದೋ ಸೂಜಿ ತಂದು ನನ್ನ ಮಗನಿಗೆ ಚುಚ್ಚಲ್ಲ," ಎಂದ ಸುಬೆಕ್ತಿ. "ಇವಳು ತಾನೇ? ಕಣ್ಣಿಲ್ವೇನಮ್ಮ ನಿನಗೆ? ಕೈಮೇಲೆ ಅಷ್ಟುದ್ದ ಬರೆದಿತ್ತಲ್ಲ. ಓದೋಕೆ ಬರಲ್ವಾ?"

ಇಂತಾನ್ ತಲೆ ಎತ್ತಲಿಲ್ಲ. ನೂಲಿನಡಿ ಹೆಸರು ಕಾಣಿಸುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಮೂಲೆಯಲ್ಲಿದ್ದ ಅಜ್ಜಿ ಉಟ್ಟ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ವಿನಾರ್ತಿ ಸುಮ್ಮನಿದ್ದರೆ ಸಾಕಿತ್ತು. ಎಲ್ಲವೂ ಆ ಹುಡುಗಿಯ ತಲೆಯ ಮೇಲೆ ಹೋಗಿ ಕೂರುತ್ತಿತ್ತು. ಅವಳಿಗೂ ಎಲ್ಲೋ ಒಬ್ಬ ತಾಯಿ ಇರುತ್ತಾಳೆ ಎಂದು ವಿನಾರ್ತಿಗೆ ಸುಮ್ಮನೆ ನೆನಪಾಯಿತು.

"ಪಟ್ಟಿ ಮೇಲೆ ನೂಲು ಸುತ್ತಿದ್ದು ನಾನು ಮಾಸ್," ಎಂದಳು ಗಂಡನಿಗೆ. "ಹೆಸರು ಕಾಣಬಾರದು ಅಂತ. ಇವನೇ ವಾಲುಯೋ ಅಂತ ಹೇಳಿದವಳೂ ನಾನೇ."

ಸುಬೆಕ್ತಿ ಹೆಂಡತಿಯನ್ನು ನೋಡಿದ. ಆಮೇಲೆ ತಾಯಿಯನ್ನು ನೋಡಿದ. ಏನು ನಡೆದಿದೆ ಎಂಬುದು ಅವನಿಗೆ ಆಗ ಪೂರ್ತಿ ತಿಳಿಯಿತು. ಕೈ ಮುಷ್ಟಿಯಾಯಿತು, ಯಾರ ಮೇಲೆ ಎತ್ತುವುದೆಂದು ತಿಳಿಯದೆ ಮಂಚದ ಕಬ್ಬಿಣವನ್ನು ಹಿಡಿದುಕೊಂಡಿತು.

ಆಡಳಿತದವರ ಮುಖದಲ್ಲಿ ಸ್ವಲ್ಪ ಬೆಳಕು ಬಂತು. "ಹಾಗಾದರೆ ಬು, ತಪ್ಪು ನಿಮ್ಮ ಕಡೆಯಿಂದಲೇ ಆಗಿದೆ ಅಂತ..."

"ಹಾಗಂತ ನಾನು ಹೇಳಲಿಲ್ಲ," ಎಂದಳು ವಿನಾರ್ತಿ. ಅವಳ ದನಿ ಏರಲಿಲ್ಲ. "ನೂಲು ಬಿಚ್ಚಿ ನೋಡೋದು ಅವರ ಕೆಲಸವಾಗಿತ್ತು. ಮಕ್ಕಳ ಮುಖ ಗೊತ್ತಿಲ್ಲದವರನ್ನ ಒಬ್ಬರನ್ನೇ ಇಷ್ಟು ಮಂಚಕ್ಕೆ ಬಿಟ್ಟಿದ್ದು ನಿಮ್ಮ ಕೆಲಸ. ನನ್ನದನ್ನ ನಾನು ಹೇಳಿದೆ. ನಿಮ್ಮದನ್ನ ನೀವು ಹೇಳಿ. ಈ ಮಗುವಿಗೆ ಬೇರೆಯವರ ಔಷಧ ಹಾಕಿದ್ವಿ ಅಂತ ನಿಮ್ಮ ಬಾಯಿಂದ ಒಂದು ಸಲ ಬರಲಿ. ಬಂದಾಗಿಂದ ನಡೆಯಬಾರದ್ದು ನಡೀತು ಅಂತಿದೀರಿ. ಏನು ನಡೀತು?"

ಅವರು ಕೆಮ್ಮಿದರು. ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಹೇಳಿದವಳು ಇಂತಾನ್.

"ಬೇರೆಯವರ ಔಷಧ ಹಾಕಿದೆ ಬು. ನಾನು. ನೂಲು ನೋಡಿದೆ, ಯಾವುದೋ ಹರಕೆ ಇರಬೇಕು, ಮುಟ್ಟಬಾರದು ಅಂದ್ಕೊಂಡೆ."

ನಮ್ಮವರ ಮಗಳೇ, ನಮ್ಮ ಹಾಗೇ ಅಂದುಕೊಂಡಳು ಎಂದು ವಿನಾರ್ತಿಗೆ ಅನ್ನಿಸಿತು. ಅದರಿಂದ ಸಿಟ್ಟೂ ಕಡಿಮೆಯಾಗಲಿಲ್ಲ, ಸಂಕಟವೂ ಕಡಿಮೆಯಾಗಲಿಲ್ಲ.

"ಹಣ್ಣು ತಗೊಂಡು ಹೋಗಿ," ಎಂದಳು. "ಇವನು ಮಾತಾಡಿದ ಮೇಲೆ ತನ್ನಿ."

ಅವರು ಹೋದರು. ಸುಬೆಕ್ತಿ ಕಾರಿಡಾರಿಗೆ ಹೋಗಿ ನಿಂತ. ಒಳಗೆ ಬರಲೂ ಇಲ್ಲ, ದೂರ ಹೋಗಲೂ ಇಲ್ಲ. ಅಜ್ಜಿ ಮೆಲ್ಲಗೆ ತೆವಳಿದಂತೆ ಬಂದು ಮಂಚದ ಕಾಲಿನ ಬಳಿ ಕೂತಳು.

"ನದುಕ್, ನನ್ನಿಂದಲೇ ಆಯ್ತಾ?"

ಇಲ್ಲ ಎನ್ನಬಹುದಿತ್ತು. ಆ ಮುದುಕಿಯ ಕೆನ್ನೆ ಒಂದೇ ಮಧ್ಯಾಹ್ನಕ್ಕೆ ಒಳಗೆ ಹೋಗಿತ್ತು. "ನಾವು ಇಬ್ಬರೂ ಸೇರಿ ಮಾಡಿದ್ವಿ ಅಮ್ಮ," ಎಂದಳು ವಿನಾರ್ತಿ. "ಒಳ್ಳೇದಾಗಲಿ ಅಂತಲೇ ಮಾಡಿದ್ವಿ. ನೀರು ಕುಡೀರಿ."

ಕಿಟಕಿಯ ಬಿಸಿಲು ಹಳದಿಯಾಗಿ ಎದುರು ಗೋಡೆಗೆ ಹೋಯಿತು. ಮಸೀದಿಯಿಂದ ಸಂಜೆಯ ಮೊದಲ ಕರೆ ಬಂತು. ಬಾಗಿಲ ಬಳಿಯ ಮುರ್ನಿ ತನ್ನ ಮಗನನ್ನು ಯೋಯೋ ಎಂದು ಕರೆಯಲೂ ಅಳುಕಿ, ಮುಟ್ಟಿ ಎಬ್ಬಿಸುತ್ತಿದ್ದಳು. ವಿನಾರ್ತಿ ಮಗನ ಪಕ್ಕದಲ್ಲಿ ಕೂತು ಅವನ ಕಾಲು ಒತ್ತುತ್ತಿದ್ದಳು. ಏನೂ ಕರೆಯಲಿಲ್ಲ. ಮನೆಯ ಕೋಳಿಮರಿಗಳ ವಿಷಯ ಹೇಳಿದಳು. ಚೂಪು ಮಾಡದೆ ಬಿಟ್ಟುಬಂದ ಅವನ ಪೆನ್ಸಿಲ್ಲಿನ ವಿಷಯ ಹೇಳಿದಳು. ಹೇಳಲು ಏನೂ ಉಳಿಯದಾದಾಗ ಸುಮ್ಮನೆ ಒತ್ತಿದಳು.

"ಇಬು."

ಕೈ ನಿಂತಿತು. ಅಮ್ಮನನ್ನು ಅವನು ಕರೆಯುವುದೇ ಹಾಗೆ.

"ಇಬು, ಉಚ್ಚೆ."

ಅಜ್ಜಿ ಎದ್ದೇಬಿಟ್ಟಳು. ವಿನಾರ್ತಿ ಮಂಚದ ಕೆಳಗಿನ ಪಾತ್ರೆ ತೆಗೆದಳು.

"ಅದಕ್ಕೆ ಬೇಡ," ಎಂದ ಹುಡುಗ ಮುಖ ಸಿಂಡರಿಸಿ. ನಾಲಿಗೆ ದಪ್ಪವಾದಂತೆ ಮಾತು ತೊದಲುತ್ತಿತ್ತು. "ಎಲ್ಲರೂ ನೋಡ್ತಾರೆ."

ನಾಚಿಕೆ ಇತ್ತು. ನಾಚಿಕೆ ಉಳಿದಿತ್ತು. ಅಜ್ಜಿ ಬಾಯಿಗೆ ಹೊದ್ದ ಬಟ್ಟೆಯ ತುದಿ ತುರುಕಿಕೊಂಡು ಗೋಡೆಗೆ ತಿರುಗಿದಳು. ಅವಳ ಬೆನ್ನು ಕುಲುಕುತ್ತಿತ್ತು. ಕಾರಿಡಾರಿನಿಂದ ಸುಬೆಕ್ತಿ ಧಾವಿಸಿ ಬಂದು ಎತ್ತಿಕೊಳ್ಳಲು ಕೈ ಚಾಚಿದ. "ನಡೀಲಿ, ನೋಡೋಣ," ಎಂದಳು ವಿನಾರ್ತಿ.

ಹುಡುಗ ಕೆಳಗಿಳಿದ. ಬಲಗಾಲು ಊರಿದ. ಎಡಗಾಲು ಊರಿದ. ಎಡಗಾಲು ಸ್ವಲ್ಪ ತಡವಾಗಿ ಬಂತೇ? ಹಾಸಿಗೆ ಹಿಡಿದ ಮಗು, ಯಾವ ಕಾಲಾದರೂ ತಡವಾಗಿ ಬಂದೀತು. ಅವಳು ಕಂಕುಳಲ್ಲಿ ಕೈಕೊಟ್ಟು ಹಿಡಿದು, ಒಂದೊಂದು ಹೆಜ್ಜೆಯನ್ನೂ ನೋಡುತ್ತ ಅವನನ್ನು ಮೂಲೆಯ ಪಾಯಿಖಾನೆಯ ತನಕ ನಡೆಸಿದಳು. ಗಂಡನೂ ಅದೇ ಕಾಲನ್ನು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ನೀನು ಹೊರಗೆ ನಿಲ್ಲು," ಎಂದ ಹುಡುಗ.

"ಗೋಡೆ ಹಿಡ್ಕೊ ಮತ್ತೆ."

"ಹೂಂ."

ಅವಳು ಬಾಗಿಲನ್ನು ಪೂರ್ತಿ ಮುಚ್ಚದೆ ಅದರ ಮೇಲೆ ಅಂಗೈ ಇಟ್ಟು ನಿಂತಳು. ಒಳಗೆ ನೀರು ಬಿದ್ದ ಸದ್ದಾಯಿತು. ಆಮೇಲೆ ಸದ್ದು ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ಆಯ್ತಾ ಮಗಾ?"

"ತಡಿ," ಎಂದಿತು ಒಳಗಿನಿಂದ ಆ ತೊದಲು ದನಿ. "ಚಡ್ಡಿ ಗುಂಡಿ ಹಾಕೋಕೆ ಬರ್ತಿಲ್ಲ."

ಹೋದ ವರ್ಷವೇ ಅವನು ಅದನ್ನು ಕಲಿತಿದ್ದ. "ನಿಧಾನವಾಗಿ ಹಾಕ್ಕೊ," ಎಂದಳು ವಿನಾರ್ತಿ. "ನಾನಿಲ್ಲೇ ಇದೀನಿ."